ಕೆನಡಾದ ಹಾಕಿ, ಟಿಕೆಟ್ಟಿನ ದುಡ್ಡು, ಖಾಲಿ ಕುರ್ಚಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ವಿನ್ನಿಪೆಗ್‌ನಲ್ಲಿ. ಊರಿಂದ ಫೋನ್ ಮಾಡುವ ಅಣ್ಣ, ಟೊರೊಂಟೊ ಕಡೆಯ ಗೆಳೆಯರು, ಯುಗಾದಿ ಊಟದಲ್ಲಿ ಪಕ್ಕದ ಎಲೆಗೆ ಕೂತ ಹೊಸ ಹುಡುಗರು, ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಆಟದ ನಿಯಮ ಕೇಳುವವರು ಕಡಿಮೆ. ದುಡ್ಡು, ಟಿಕೆಟ್ಟು, "ಅಷ್ಟು ಹುಚ್ಚಿರೋ ದೇಶದಲ್ಲಿ ಕುರ್ಚಿ ಯಾಕೆ ಖಾಲಿ" ಅಂತ ಕೇಳುವವರೇ ಜಾಸ್ತಿ. ಅವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಗೊತ್ತಿರುವವರು ಮೊದಲ ಭಾಗ ಬಿಟ್ಟು ಮುಂದಕ್ಕೆ ಹೋಗಬಹುದು.

## ಮೊದಲಿಗೆ ಕೇಳುವವು

ಹಾಕಿ ಅಂದ್ರೆ ನಮ್ಮ ಕೊಡಗಿನವರು ಆಡೋ ಹಾಕಿನೇನಾ?

ಅಲ್ಲ. ನಮಗೆ ಹಾಕಿ ಅಂದರೆ ಕೊಡಗು ನೆನಪಾಗುತ್ತದೆ. 1997ರಿಂದ ಅಲ್ಲಿ ಒಂದೊಂದು ಮನೆತನವೇ ಒಂದೊಂದು ತಂಡ ಕಟ್ಟಿ ಆಡುವ ಹಬ್ಬ ನಡೆಯುತ್ತಿದೆ. ಕೆನಡಾದಲ್ಲಿ ಆ ಆಟಕ್ಕೆ ಫೀಲ್ಡ್ ಹಾಕಿ ಅನ್ನುತ್ತಾರೆ. ಇಲ್ಲಿ ಸುಮ್ನೆ "ಹಾಕಿ" ಅಂದರೆ ಐಸ್ ಮೇಲಿನದು. ಕಾಲಿಗೆ ಸ್ಕೇಟ್, ಚೆಂಡಿನ ಬದಲು ಪಕ್ ಅನ್ನುವ ಗಟ್ಟಿ ರಬ್ಬರ್ ಬಿಲ್ಲೆ. ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಭಾಗ. ಒಬ್ಬ ಆಟಗಾರ ಒಂದು ಸಲಕ್ಕೆ ಮುಕ್ಕಾಲು ನಿಮಿಷ ಆಡಿ ಬೆಂಚಿಗೆ ಬರುತ್ತಾನೆ. ಅಷ್ಟರಲ್ಲೇ ಉಸಿರು ಕಟ್ಟಿರುತ್ತದೆ.

ಕೆನಡಾದಲ್ಲಿ ಎಷ್ಟು ದೊಡ್ಡ ತಂಡ ಇವೆ?

ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, 1917ರಲ್ಲಿ ಮಾಂಟ್ರಿಯಲ್‌ನ ಒಂದು ಹೋಟೆಲಿನಲ್ಲಿ ಹುಟ್ಟಿತು. ಈಗ ಅದರಲ್ಲಿ 32 ತಂಡ. ಕೆನಡಾದವು ಏಳೇ: ಮಾಂಟ್ರಿಯಲ್, ಟೊರೊಂಟೊ, ಒಟ್ಟಾವಾ, ವಿನ್ನಿಪೆಗ್, ಕ್ಯಾಲ್ಗರಿ, ಎಡ್ಮಂಟನ್, ವ್ಯಾಂಕೂವರ್. ಉಳಿದ 25 ಅಮೆರಿಕದವು. ಆಟ ಹುಟ್ಟಿದ ಮನೆ ಕೆನಡಾ, ಆದರೆ ಯಜಮಾನಿಕೆ ನ್ಯೂಯಾರ್ಕಿನ ಕಚೇರಿಯಲ್ಲಿದೆ. ಇಲ್ಲಿಯ ಅಭಿಮಾನಿಗಳ ಅರ್ಧ ಸಂಕಟಕ್ಕೆ ಮೂಲ ಇದೇ.

ಇದೂ ಐಪಿಎಲ್ ಥರ ಅಲ್ವಾ? ಟಿವಿ ದುಡ್ಡು ಬರುತ್ತಲ್ಲ, ಜನ ಬಂದ್ರೆಷ್ಟು ಬಿಟ್ರೆಷ್ಟು?

ಇಲ್ಲೇ ದೊಡ್ಡ ವ್ಯತ್ಯಾಸ. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅದರಲ್ಲಿ ಒಂದು ತಂಡಕ್ಕೆ ಸಿಗುವ ಪಾಲು 2025ರ ಆಟಗಾರರ ಹರಾಜಿನ 120 ಕೋಟಿ ಪರ್ಸಿಗಿಂತ ಎಷ್ಟೋ ಜಾಸ್ತಿ. ಮೈದಾನ ಖಾಲಿ ಇದ್ದರೂ ಅಂಗಡಿ ನಡೆಯುತ್ತದೆ.

ಎನ್‌ಎಚ್‌ಎಲ್ ಲೆಕ್ಕ ನೋಡಿ. ಕೆನಡಾದ ಪ್ರಸಾರ ಹಕ್ಕನ್ನು ರೋಜರ್ಸ್ ಕಂಪನಿ 2014ರಲ್ಲಿ ಶುರುವಾದ 12 ವರ್ಷಕ್ಕೆ 520 ಕೋಟಿ ಕೆನಡಾ ಡಾಲರಿಗೆ ತಗೊಂಡಿತು. ವರ್ಷಕ್ಕೆ ಸರಾಸರಿ 43 ಕೋಟಿ. ಅದು ಇಡೀ ಲೀಗಿನ ಹಣ. 32 ತಂಡಕ್ಕೆ ಹಂಚಿದರೆ ಒಂದೊಂದಕ್ಕೆ ಸುಮಾರು 1.35 ಕೋಟಿ ಡಾಲರ್. 2025–26ರಲ್ಲಿ ಒಂದು ತಂಡದ ಆಟಗಾರರ ಸಂಬಳಕ್ಕೆ ಲೀಗ್ ಹಾಕಿದ ಮಿತಿಯೇ (ಸ್ಯಾಲರಿ ಕ್ಯಾಪ್) 9.55 ಕೋಟಿ ಅಮೆರಿಕನ್ ಡಾಲರ್. ಅಮೆರಿಕದ ಟಿವಿ ಪಾಲು ಸೇರಿಸಿದರೂ ಸಂಬಳದ ಅರ್ಧ ದಾಟುವುದಿಲ್ಲ.

ಉಳಿದಿದ್ದು ಬಾಗಿಲಲ್ಲೇ ಹುಟ್ಟಬೇಕು. ಟಿಕೆಟ್, ಪಾರ್ಕಿಂಗ್, ಬಿಯರ್, ಹಾಟ್‌ಡಾಗ್, ಜರ್ಸಿ, ಐಸ್ ಸುತ್ತಲ ಹಲಗೆಯ ಮೇಲಿನ ಜಾಹೀರಾತು. ಐಪಿಎಲ್ ತಂಡಕ್ಕೆ ತವರಿನಲ್ಲಿ ಏಳು ಲೀಗ್ ಪಂದ್ಯ. ಹಾಕಿ ತಂಡಕ್ಕೆ ಇಲ್ಲಿಯವರೆಗೆ 41. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ, ಹಿಮ ಬೀಳುವ ಮಂಗಳವಾರ ರಾತ್ರಿಯೂ ಸೇರಿ, 41 ಸಲ ಕುರ್ಚಿ ತುಂಬಬೇಕು.

ಸೀಸನ್ ಟಿಕೆಟ್ ಅಂದ್ರೇನು? ಎಲ್ಲರೂ ಅದನ್ನೇ ಮಾತಾಡ್ತಾರಲ್ಲ?

ಇಡೀ ವರ್ಷದ ತವರು ಪಂದ್ಯಗಳಿಗೆ ಒಂದೇ ಕುರ್ಚಿಯನ್ನು ಮುಂಗಡ ಕೊಟ್ಟು ಹಿಡಿದುಕೊಳ್ಳುವುದು. ತಂಡಕ್ಕೆ ಇದು ಬಿತ್ತನೆಗೆ ಮುಂಚೆಯೇ ಕೈಗೆ ಬಂದ ಬೆಳೆಯ ದುಡ್ಡು. ತಂಡ ಸೋಲಲಿ, ಚಳಿ ಬೀಳಲಿ, ಹಣ ಬಂದಾಗಿದೆ. ಕೊಂಡವರಿಗೆ ಬಿಡಿ ಟಿಕೆಟ್ಟಿಗಿಂತ ಕಡಿಮೆ ಬೆಲೆ, ಪ್ಲೇಆಫ್ ಟಿಕೆಟ್ಟಿಗೆ ಮೊದಲ ಹಕ್ಕು.

ಒಂದೇ ಮನೆಯವರು 41 ಪಂದ್ಯಕ್ಕೂ ಹೋಗುವುದು ಅಪರೂಪ. ನಾವು ನಾಲ್ಕು ಮನೆಯವರು ಎರಡು ಕುರ್ಚಿ ಹಂಚಿಕೊಂಡಿದ್ದೇವೆ. ಸೆಪ್ಟೆಂಬರ್‌ನಲ್ಲಿ ಒಬ್ಬರ ಮನೆಯ ಊಟದ ಮೇಜಿನ ಮೇಲೆ ವೇಳಾಪಟ್ಟಿ ಹರಡಿಕೊಂಡು ಕೂರುತ್ತೇವೆ. ಚೀಟಿ ಎತ್ತಿ ಸರದಿ ಗೊತ್ತುಮಾಡುತ್ತೇವೆ. ಮೊದಲ ಸರದಿಯವರು ಟೊರೊಂಟೊ ಬರುವ ಶನಿವಾರಕ್ಕೆ ಪೆನ್ನಿನಲ್ಲಿ ಗುಂಡು ಸುತ್ತುತ್ತಾರೆ. ಕೊನೆಯವರಿಗೆ ಜನವರಿಯ ಯಾವುದೋ ಸೋಮವಾರ. ಈ ಊರಿನಲ್ಲಿ ಒಂದು ಸೀಸನ್ ಟಿಕೆಟ್ ಹಿಂದೆ ಹೀಗೆ ನಾಲ್ಕಾರು ಮನೆ ಇರುತ್ತವೆ. ಒಬ್ಬರು ಕೈಬಿಟ್ಟರೆ ಉಳಿದವರಿಗೂ ಹೊರೆಯಾಗಿ ಪೂರ್ತಿ ಬಿಟ್ಟುಬಿಡುವುದುಂಟು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟಿಕೆಟ್ ಅಷ್ಟು ದುಬಾರಿ ಅಂತಾರೆ. ಮೊದಲ ಸಲ ಹೋಗೋರು ಏನ್ ಮಾಡಬೇಕು?

ಬೆಲೆ ವಿಮಾನದ ಟಿಕೆಟ್ ಇದ್ದ ಹಾಗೆ. ಅದೇ ಕುರ್ಚಿಗೆ ಶನಿವಾರ ಒಂದು ದರ, ಮಂಗಳವಾರ ಇನ್ನೊಂದು. ಎದುರಾಳಿ ಮಾಂಟ್ರಿಯಲ್ ಅಥವಾ ಟೊರೊಂಟೊ ಆದರೆ ಇನ್ನೂ ಮೇಲೆ. ವಾರದ ನಡುವಿನ ಪಂದ್ಯ, ಮೇಲಿನ ಅಂತಸ್ತು ನೋಡಿ. ಮೇಲಿಂದ ಆಟದ ವಿನ್ಯಾಸ ಚೆನ್ನಾಗಿ ಕಾಣುತ್ತದೆ, ಹೊಸಬರಿಗೆ ಅದೇ ಒಳ್ಳೆಯದು.

ಇನ್ನೊಂದು ದಾರಿ ಇದೆ. ವಿನ್ನಿಪೆಗ್‌ನಲ್ಲಿ ನಮ್ಮ ಎನ್‌ಎಚ್‌ಎಲ್ ತಂಡ ಜೆಟ್ಸ್ ಆಡುವ ಅದೇ ಐಸ್ ಮೇಲೆ ಕೆಳಗಿನ ದರ್ಜೆಯ ಮ್ಯಾನಿಟೋಬ ಮೂಸ್ ತಂಡ ಆಡುತ್ತದೆ. ಟಿಕೆಟ್ ಬಹಳ ಅಗ್ಗ, ಮಕ್ಕಳೇ ಜಾಸ್ತಿ. ನನ್ನ ಮಗ ಹಾಕಿ ಕಲಿತದ್ದು ಅಲ್ಲೇ ಕೂತು.

ಟಿವಿಲಿ ಕುರ್ಚಿ ಖಾಲಿ ಕಾಣ್ತವೆ, ಆದ್ರೆ ಹೌಸ್‌ಫುಲ್ ಅಂತ ಹೇಳ್ತಾರೆ. ಸುಳ್ಳಾ?

ಸುಳ್ಳಲ್ಲ, ಲೆಕ್ಕ ಬೇರೆ. ತಂಡ ಘೋಷಿಸುವ ಸಂಖ್ಯೆ ಕೊಟ್ಟ ಟಿಕೆಟ್ಟಿನದು, ಗೇಟ್ ದಾಟಿದ ಜನರದ್ದಲ್ಲ. ಮೈನಸ್ 30ರ ರಾತ್ರಿ ಟಿಕೆಟ್ ಇದ್ದವರೂ ಸೋಫಾ ಬಿಟ್ಟು ಏಳುವುದಿಲ್ಲ. ಟೊರೊಂಟೊದಲ್ಲಿ ಇನ್ನೊಂದು ಕತೆ. ಕ್ಯಾಮೆರಾಗೆ ಎದುರಿರುವ ಕೆಳಗಿನ ದುಬಾರಿ ಸಾಲುಗಳು ಕಂಪನಿಗಳ ಕೈಯಲ್ಲಿವೆ. ವಿರಾಮದಲ್ಲಿ ಲೌಂಜಿಗೆ ಹೋದ ಅತಿಥಿಗಳು ಆಟ ಶುರುವಾದರೂ ನಿಧಾನಕ್ಕೆ ಬರುತ್ತಾರೆ. ಆ ಕುರ್ಚಿ ಮಾರಾಟವಾಗಿದೆ, ಆದರೆ ಕೂಗುವವರು ಇಲ್ಲ. ಖಾಲಿ ಕುರ್ಚಿಯಿಂದ ತಂಡಕ್ಕೂ ನಷ್ಟವೇ: ಬಾರದವರು ಬಿಯರ್ ಕೊಳ್ಳುವುದಿಲ್ಲ, ಮುಂದಿನ ವರ್ಷ ಟಿಕೆಟ್ಟನ್ನೂ ಕೊಳ್ಳುವುದಿಲ್ಲ.

## ವಿನ್ನಿಪೆಗ್ ಬಗ್ಗೆ

ತಂಡ ಊರು ಬಿಟ್ಟು ಹೋಯ್ತು ಅಂತೀರಲ್ಲ, ಹಾಗೆ ಹೋಗೋಕೆ ಆಗುತ್ತಾ?

ಆಗುತ್ತದೆ. ತಂಡ ಮಾಲೀಕರ ಸ್ವತ್ತು, ಊರಿನದಲ್ಲ.

ಜೆಟ್ಸ್ ಶುರುವಾದದ್ದು 1972ರಲ್ಲಿ, ಎನ್‌ಎಚ್‌ಎಲ್‌ಗೆ ಪೈಪೋಟಿ ಕೊಟ್ಟ ಇನ್ನೊಂದು ಲೀಗಿನಲ್ಲಿ. ಆ ವರ್ಷ ಬಾಬಿ ಹಲ್ ಅನ್ನುವ ದೊಡ್ಡ ಆಟಗಾರನನ್ನು ಪೋರ್ಟೇಜ್ ಮತ್ತು ಮೇನ್ ರಸ್ತೆ ಕೂಡುವ ಜಾಗದಲ್ಲಿ, ಜನರ ಎದುರು, ಹತ್ತು ಲಕ್ಷ ಡಾಲರ್ ಚೆಕ್ ಕೊಟ್ಟು ಕರೆತಂದರು. 1979ರಲ್ಲಿ ತಂಡ ಎನ್‌ಎಚ್‌ಎಲ್ ಸೇರಿತು. ಹಳೇ ಅರೇನಾದಲ್ಲಿ, ಅಂದರೆ ಒಳಾಂಗಣ ಕ್ರೀಡಾಂಗಣದಲ್ಲಿ, ಎಲಿಜಬೆತ್ ರಾಣಿಯ ದೊಡ್ಡ ಚಿತ್ರ ಮೇಲಿಂದ ನೋಡುತ್ತಿತ್ತು. ಈಗಲೂ ಹಿರಿಯರು ಮೊದಲು ಹೇಳುವುದು ಆ ಚಿತ್ರವನ್ನೇ.

ತೊಂಬತ್ತರ ದಶಕದಲ್ಲಿ ಸಂಬಳ ಏರಿತು, ಕೆನಡಾ ಡಾಲರ್ ಬಿತ್ತು, ಅರೇನಾ ಹಳತಾಯಿತು. 1995ರ ಮೇ ತಿಂಗಳಲ್ಲಿ ನದಿಗಳು ಸೇರುವ ಫೋರ್ಕ್ಸ್ ಬಯಲಿನಲ್ಲಿ ತಂಡ ಉಳಿಸಲು ಸಾವಿರಾರು ಜನ ಸೇರಿದರು. ಮಕ್ಕಳು ಹುಂಡಿ ಒಡೆದು ಚಿಲ್ಲರೆ ತಂದು ಕೊಟ್ಟರು. ಒಂದು ವರ್ಷ ಉಳಿಯಿತು, ಅಷ್ಟೇ. 1996ರ ಏಪ್ರಿಲ್ 28ರಂದು ಡೆಟ್ರಾಯಿಟ್ ವಿರುದ್ಧ ಕೊನೆಯ ಪಂದ್ಯ ಆಡಿ ತಂಡ ಮರುಭೂಮಿಯ ಫೀನಿಕ್ಸ್‌ಗೆ ಹೋಯಿತು. ಅಲ್ಲೂ ನೆಲೆ ನಿಲ್ಲಲಿಲ್ಲ. ಕೊನೆಯ ಎರಡು ವರ್ಷ ಒಂದು ವಿಶ್ವವಿದ್ಯಾಲಯದ 4,600 ಕುರ್ಚಿಯ ಅರೇನಾದಲ್ಲಿ ಆಡಿ, 2024ರಲ್ಲಿ ಸಾಲ್ಟ್ ಲೇಕ್ ಸಿಟಿಯವರ ಪಾಲಾಯಿತು.

ವಿನ್ನಿಪೆಗ್‌ನವರಿಗೆ ಇದು ಮರೆಯದ ಗಾಯ. ನಾನು ಆಗ ಇಲ್ಲಿ ಇರಲಿಲ್ಲ. ಆದರೂ ಪಕ್ಕದ ಕುರ್ಚಿಯ ಹಿರಿಯರು ಆ ಹುಂಡಿ ಒಡೆದ ದಿನದ ಬಗ್ಗೆ ಹೇಳುವಾಗ ಅವರ ದನಿ ಬದಲಾಗುವುದನ್ನು ಕೇಳಿದ್ದೇನೆ.

2011ರಲ್ಲಿ ಟಿಕೆಟ್ ನಿಮಿಷಗಳಲ್ಲಿ ಖಾಲಿ ಆಯ್ತಂತೆ. ಆಮೇಲೆ ಜನ ಎಲ್ಲಿ ಹೋದ್ರು?

ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು.

2011ರಲ್ಲಿ ಮಾರ್ಕ್ ಚಿಪ್‌ಮನ್ ಮತ್ತು ಡೇವಿಡ್ ಥಾಮ್ಸನ್ ಅವರ ಟ್ರೂ ನಾರ್ತ್ ಸಂಸ್ಥೆ ಅಟ್ಲಾಂಟಾ ತಂಡವನ್ನು ಕೊಂಡು ಇಲ್ಲಿಗೆ ತಂದಿತು. 13,000 ಸೀಸನ್ ಟಿಕೆಟ್ ಹೋಗಬೇಕು ಅಂತ ಗುರಿ ಇಟ್ಟರು. ಹಳೇ ಮೂಸ್ ಟಿಕೆಟ್‌ದಾರರಿಗೆ ಮೊದಲ ಅವಕಾಶ ಸಿಕ್ಕಿತು. ಆಮೇಲೆ ಸಾರ್ವಜನಿಕರಿಗೆ ಬಾಗಿಲು ತೆರೆದಾಗ ಉಳಿದದ್ದೆಲ್ಲ ಹದಿನೇಳು ನಿಮಿಷಕ್ಕೆ ಮುಗಿಯಿತು. ಕಾಯುವ ಪಟ್ಟಿಗೂ ಸಾವಿರಾರು ಜನ. ಜನ ಮೂರರಿಂದ ಐದು ವರ್ಷಕ್ಕೆ ಸಹಿ ಹಾಕಿದರು.

2023ರ ಹೊತ್ತಿಗೆ ಆ 13,000 ಸುಮಾರು 9,500ಕ್ಕೆ ಇಳಿದಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಕೆಲವು ರಾತ್ರಿ 11 ಸಾವಿರದ ಆಸುಪಾಸು ಟಿಕೆಟ್ ಹೋಯಿತು. ಸುಮಾರು 15 ಸಾವಿರ ಕುರ್ಚಿಯ ಅರೇನಾ ಅದು, ಲೀಗಿನಲ್ಲೇ ಚಿಕ್ಕವುಗಳಲ್ಲಿ ಒಂದು. ಚಿಕ್ಕ ಮನೆಯಲ್ಲಿ ನಾಲ್ಕು ಸಾವಿರ ಖಾಲಿ ಕುರ್ಚಿ ಎದ್ದು ಕಾಣುತ್ತದೆ.

ಕೋವಿಡ್ ಒಂದು ಕಾರಣ, ನಿಜ. ಪ್ರೇಕ್ಷಕರಿಲ್ಲದೆ ಆಡಿದ ವರ್ಷ ಜನ ಮನೆಯಲ್ಲಿ ನೋಡುವುದನ್ನು ರೂಢಿ ಮಾಡಿಕೊಂಡರು. ಡೌನ್‌ಟೌನ್ ಆಫೀಸುಗಳು ಖಾಲಿಯಾದವು. ಕೆಲಸ ಮುಗಿಸಿ ಹಾಗೇ ಪಂದ್ಯಕ್ಕೆ ನಡೆದುಹೋಗುತ್ತಿದ್ದವರು ಈಗ ಮನೆಯಿಂದ ಬೇರೆಯಾಗಿ ಹೊರಡಬೇಕು. ಬಡ್ಡಿ, ದಿನಸಿ, ಬಾಡಿಗೆ ಎಲ್ಲ ಏರಿದವು. ಹಂಚಿಕೊಂಡ ನಾಲ್ಕು ಮನೆಯಲ್ಲಿ ಒಂದು ಹಿಂದೆ ಸರಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆನಲ್ಲ, ಅದು ಊರ ತುಂಬ ನಡೆಯಿತು.

ಇನ್ನೂ ಒಂದು ಕಾರಣವಿದೆ, ನನಗೆ ಅದೇ ದೊಡ್ಡದು ಅನಿಸುತ್ತದೆ. ಹತ್ತು ವರ್ಷ ಟಿಕೆಟ್ ಮಾರುವ ಅಗತ್ಯವೇ ಇರಲಿಲ್ಲ. ಪಟ್ಟಿ ಇದೆ, ಜನ ಕಾಯುತ್ತಿದ್ದಾರೆ ಅನ್ನುವ ಧೈರ್ಯ. ಆ ಹತ್ತು ವರ್ಷದಲ್ಲಿ ಊರು ಬದಲಾಯಿತು. ಫಿಲಿಪೀನ್ಸ್, ಪಂಜಾಬ್, ನೈಜೀರಿಯಾ, ನಮ್ಮ ಕಡೆಯಿಂದ ಜನ ಬಂದರು. ಅರೇನಾ ತುಂಬಿದ್ದಾಗ ಅವರಿಗೆ ಒಳಗೆ ಜಾಗವೇ ಇರಲಿಲ್ಲ. ಕುರ್ಚಿ ಖಾಲಿಯಾದಾಗ ಅವರಿಗೆ ಆಟದ ರುಚಿಯೇ ಗೊತ್ತಿರಲಿಲ್ಲ. ಕಳೆದುಹೋದ ಹಳಬರ ಜಾಗಕ್ಕೆ ಬರಬೇಕಾದ ಹೊಸಬರನ್ನು ಯಾರೂ ಬೆಳೆಸಿರಲಿಲ್ಲ.

ಹಾಗಾದ್ರೆ ಜೆಟ್ಸ್ ಮತ್ತೆ ಊರು ಬಿಡುತ್ತಾ?

ನನಗೆ ಹಾಗೆ ಅನಿಸುವುದಿಲ್ಲ. 1996ರ ತಂಡದ ಬೆನ್ನಿಗೆ ಗಟ್ಟಿ ಮಾಲೀಕರಿರಲಿಲ್ಲ. ಈಗ ಥಾಮ್ಸನ್ ಕುಟುಂಬ ಕೆನಡಾದ ಅತಿ ಶ್ರೀಮಂತರಲ್ಲಿ ಒಂದು. ಅರೇನಾ, ಸುತ್ತಲಿನ ಕಟ್ಟಡಗಳಲ್ಲಿ ಟ್ರೂ ನಾರ್ತ್ ಹಣ ಹೂಡಿದೆ.

ಆದರೂ ಭಯಕ್ಕೆ ಆಧಾರ ಇಲ್ಲದಿಲ್ಲ. 2023ರ ವಸಂತದಲ್ಲಿ ತಂಡವೇ "ಫಾರೆವರ್ ವಿನ್ನಿಪೆಗ್" ಅಂತ ಟಿಕೆಟ್ ಅಭಿಯಾನ ನಡೆಸಿತು. ಕೆಲವರಿಗೆ ಅದು ಪ್ರೀತಿಯ ಕರೆ, ಕೆಲವರಿಗೆ ಬೆದರಿಕೆ. 2024ರ ಫೆಬ್ರವರಿಯಲ್ಲಿ ಲೀಗಿನ ಮುಖ್ಯಸ್ಥ ಗ್ಯಾರಿ ಬೆಟ್‌ಮನ್ ಊರಿಗೆ ಬಂದು ಹೋದರು. ಆಮೇಲೆ ಟಿಕೆಟ್ ಮಾರಾಟ ಚೇತರಿಸಿಕೊಂಡಿತು. 2024–25ರಲ್ಲಿ ತಂಡ ಇಡೀ ಲೀಗಿನಲ್ಲೇ ಹೆಚ್ಚು ಅಂಕ ಪಡೆಯಿತು. ಅದೂ ಸಹಾಯ ಮಾಡಿತು.

ಅಷ್ಟು ಚಳೀಲಿ, ಅಷ್ಟು ದುಡ್ಡು ಕೊಟ್ಟು ನೀವ್ಯಾಕೆ ಹೋಗ್ತೀರಿ?

2025ರ ಮೇ 4ರ ರಾತ್ರಿ ಹೇಳುತ್ತೇನೆ. ಸೇಂಟ್ ಲೂಯಿಸ್ ವಿರುದ್ಧ ಪ್ಲೇಆಫ್ ಸರಣಿಯ ಏಳನೇ ಪಂದ್ಯ. ಸೋತರೆ ಮನೆಗೆ. ಪ್ಲೇಆಫ್‌ನಲ್ಲಿ ಇಲ್ಲಿ ಎಲ್ಲರೂ ಬಿಳಿ ಬಟ್ಟೆ ತೊಡುತ್ತಾರೆ. 1987ರಿಂದ ಬಂದ ರೂಢಿ, ವೈಟ್‌ಔಟ್ ಅನ್ನುತ್ತಾರೆ. ನಾನು ಊರಿನ ಮದುವೆಗೆ ಹೊಲಿಸಿದ್ದ ಬಿಳಿ ಅಂಗಿ ಹಾಕಿದ್ದೆ. ರಾಷ್ಟ್ರಗೀತೆಯಲ್ಲಿ "ಟ್ರೂ ನಾರ್ತ್" ಅನ್ನುವ ಪದ ಬಂದಾಗ ಇಡೀ ಅರೇನಾ ಒಂದೇ ಗಂಟಲಲ್ಲಿ ಕೂಗುತ್ತದೆ. ಕಾಲ ಕೆಳಗಿನ ಕಾಂಕ್ರೀಟ್ ಅದುರುತ್ತದೆ.

ಎರಡು ನಿಮಿಷ ಉಳಿದಿದ್ದಾಗ ನಾವು 3–1 ಹಿಂದೆ. ಒಂದು ಗೋಲು ಬಂತು. ಇನ್ನು 1.6 ಸೆಕೆಂಡ್ ಇರುವಾಗ ಕೋಲ್ ಪರ್ಫೆಟ್ಟಿಯ ಕೋಲಿಗೆ ತಾಗಿ ಪಕ್ ಒಳಗೆ ಹೋಯಿತು. ಪಕ್ಕದ ಹಿರಿಯರು ನನ್ನ ತೋಳು ಹಿಡಿದರು. ಬಿಡಲೇ ಇಲ್ಲ. ಎರಡನೇ ಹೆಚ್ಚುವರಿ ಅವಧಿಯಲ್ಲಿ ಆಡಂ ಲೌರಿ ಗೋಲು ಹೊಡೆದಾಗ ಅವರು ಅಳುತ್ತಿದ್ದರು. ನಾನೂ ಅಳುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಈ ಊರು ನನ್ನದು ಅಂತ ಸಂದೇಹವಿಲ್ಲದೆ ಅನಿಸಿದ್ದು ಆ ರಾತ್ರಿ.

## ಬೇರೆ ಊರುಗಳು

ಟೊರೊಂಟೊ 1967ರಿಂದ ಲೀಗಿನ ಕಪ್ (ಸ್ಟ್ಯಾನ್ಲಿ ಕಪ್) ಗೆದ್ದೇ ಇಲ್ಲ. ಆದ್ರೂ ಯಾಕೆ ತುಂಬಿರುತ್ತೆ?

ಊರು ದೊಡ್ಡದು, ಕಂಪನಿಗಳು ಜಾಸ್ತಿ, ಟಿಕೆಟ್ ಕಡಿಮೆ. ಕೆನಡಾದ ಬ್ಯಾಂಕುಗಳು, ವಿಮೆ ಕಂಪನಿಗಳು, ವಕೀಲರ ಸಂಸ್ಥೆಗಳು ಅಲ್ಲಿವೆ. ಗ್ರಾಹಕರನ್ನು ಕರೆದೊಯ್ಯಲು ಅವಕ್ಕೆ ಸೀಸನ್ ಟಿಕೆಟ್ ಬೇಕು. ಗೆಲುವು ಸೋಲು ಆ ಖರೀದಿಗೆ ಸಂಬಂಧವಿಲ್ಲ. ವಿನ್ನಿಪೆಗ್‌ನಲ್ಲಿ ಅಂಥ ಮುಖ್ಯ ಕಚೇರಿಗಳು ಬೆರಳೆಣಿಕೆಯಷ್ಟು. ಇಲ್ಲಿ ಟಿಕೆಟ್ ಕೊಳ್ಳುವವರು ಶಿಕ್ಷಕರು, ನರ್ಸುಗಳು, ರೈತರು.

ತಂಡದ ಬೆಲೆ ಎಷ್ಟು ಅಂತ ತಿಳಿಯಬೇಕಾದರೆ ಇದನ್ನು ನೋಡಿ. ಟೊರೊಂಟೊದ ಹಾಕಿ ತಂಡ ಮೇಪಲ್ ಲೀಫ್ಸ್, ಬಾಸ್ಕೆಟ್‌ಬಾಲ್ ತಂಡ ರ್‍ಯಾಪ್ಟರ್ಸ್ ಇತ್ಯಾದಿ ತಂಡಗಳನ್ನು ಹೊಂದಿದ ಸಂಸ್ಥೆಯಲ್ಲಿ ಬೆಲ್ ಕಂಪನಿಗಿದ್ದ 37.5 ಶೇಕಡಾ ಪಾಲನ್ನು ರೋಜರ್ಸ್ 470 ಕೋಟಿ ಕೆನಡಾ ಡಾಲರಿಗೆ ಕೊಳ್ಳುವುದಾಗಿ 2024ರಲ್ಲಿ ಹೇಳಿತು. ನನಗೆ ಬೇಸರವಾಗುವುದು ಒಂದೇ. ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಬೆಳೆಯುವ ನಮ್ಮ ಗೆಳೆಯರ ಮಕ್ಕಳು ಲೀಫ್ಸ್ ಜರ್ಸಿ ಹಾಕುತ್ತಾರೆ, ಅರೇನಾ ಒಳಗೆ ಒಮ್ಮೆಯೂ ಹೋಗಿಲ್ಲ.

ಮಾಂಟ್ರಿಯಲ್‌ನವರಿಗೆ ಹಾಕಿ ಅಂದ್ರೆ ಭಾಷೆ ವಿಷ್ಯಾನೂ ಹೌದಂತೆ?

ಹೌದು. ಕನ್ನಡಿಗರಿಗೆ ಇದು ಬೇಗ ಅರ್ಥವಾಗುತ್ತದೆ. 1955ರ ಮಾರ್ಚ್‌ನಲ್ಲಿ ಫ್ರೆಂಚ್ ಜನರ ಕಣ್ಮಣಿ ಮೊರಿಸ್ ರಿಷಾರ್‌ನನ್ನು ಲೀಗಿನ ಇಂಗ್ಲಿಷ್ ಮಾತಾಡುವ ಅಧ್ಯಕ್ಷ ಸೀಸನ್ ಮುಗಿಯುವವರೆಗೆ ಹೊರಗಿಟ್ಟಾಗ ಊರಲ್ಲಿ ಗಲಭೆಯೇ ಆಯಿತು. 2011ರ ಡಿಸೆಂಬರ್‌ನಲ್ಲಿ ಫ್ರೆಂಚ್ ಬಾರದವರನ್ನು ಹಂಗಾಮಿ ಕೋಚ್ ಮಾಡಿದ್ದಕ್ಕೆ ಅರೇನಾ ಮುಂದೆ ಪ್ರತಿಭಟನೆ ನಡೆಯಿತು. 24 ಸಲ ಕಪ್ ಗೆದ್ದ ತಂಡ ಅದು. ಅವರ ಬೆಲ್ ಸೆಂಟರ್‌ನಲ್ಲಿ ಸುಮಾರು 21 ಸಾವಿರ ಕುರ್ಚಿ, ಲೀಗಿನಲ್ಲೇ ದೊಡ್ಡದು. ತಂಡ ಸೋಲುತ್ತಿದ್ದ ವರ್ಷಗಳಲ್ಲೂ ಅಲ್ಲಿ ಜನ ಬಂದರು. ಮನೆಮಾತಿನ ಜೊತೆ ಬೆಸೆದುಕೊಂಡ ತಂಡಕ್ಕೆ ಅಂಥ ಬಲ ಇರುತ್ತದೆ.

ಒಟ್ಟಾವಾ ರಾಜಧಾನಿ, ಒಳ್ಳೆ ಸಂಬಳದ ಊರು. ಅಲ್ಲಿ ಯಾಕೆ ಕಷ್ಟ?

ಅರೇನಾ ಇರುವ ಜಾಗ. 1996ರಲ್ಲಿ ತೆರೆದ ಆ ಕಟ್ಟಡ ಡೌನ್‌ಟೌನ್‌ನಿಂದ ಸುಮಾರು 25 ಕಿಲೋಮೀಟರ್ ದೂರದ ಕನಾಟಾದಲ್ಲಿದೆ. ಕೆಲಸ ಮುಗಿಸಿ, ಹಿಮದ ಹೆದ್ದಾರಿಯಲ್ಲಿ ಸಾಲುಗಟ್ಟಿ ಹೋಗಿ, ಹತ್ತೂವರೆಗೆ ಮತ್ತೆ ಅದೇ ಸಾಲಿನಲ್ಲಿ ಬರಬೇಕು. ಸರ್ಕಾರಿ ನೌಕರರ ಊರು ಬೇರೆ, ಕಂಪನಿಗಳು ಕೊಳ್ಳುವ ದುಬಾರಿ ಬಾಕ್ಸ್‌ಗಳಿಗೆ ಗಿರಾಕಿ ಕಡಿಮೆ. 2003ರಲ್ಲಿ ತಂಡ ದಿವಾಳಿ ಅರ್ಜಿ ಹಾಕಿತು. 2017ರಲ್ಲಿ ಮೇಲಿನ ಸಾವಿರಕ್ಕೂ ಹೆಚ್ಚು ಕುರ್ಚಿಗೆ ಬಟ್ಟೆ ಹೊದಿಸಿ ಮುಚ್ಚಿದರು. 2023ರಲ್ಲಿ ಮೈಕಲ್ ಆಂಡ್‌ಲೌರ್ 95 ಕೋಟಿ ಅಮೆರಿಕನ್ ಡಾಲರಿಗೆ ತಂಡ ಕೊಂಡರು. ಊರ ನಡುವಿನ ಲೆಬ್ರೆಟನ್ ಫ್ಲಾಟ್ಸ್‌ನಲ್ಲಿ ಹೊಸ ಅರೇನಾ ಕಟ್ಟುವ ಮಾತು ನಡೆದಿದೆ. ನನ್ನ ಮಟ್ಟಿಗೆ ಅಲ್ಲಿ ಅಭಿಮಾನದ ಕೊರತೆ ಇಲ್ಲ, ರಸ್ತೆ ಉದ್ದ.

ಕ್ವಿಬೆಕ್ ಸಿಟೀಲಿ ಹೊಸ ಅರೇನಾ ಇದೆಯಂತೆ, ತಂಡ ಇಲ್ವಂತೆ. ಹಾಗೂ ಉಂಟಾ?

ಉಂಟು. ಅವರ ನಾರ್ಡಿಕ್ಸ್ ತಂಡ 1995ರಲ್ಲಿ ಡೆನ್ವರ್‌ಗೆ ಹೋಯಿತು, ಮರುವರ್ಷವೇ ಅಲ್ಲಿ ಕಪ್ ಗೆದ್ದಿತು. ಆ ನೋವು ಯೋಚಿಸಿ. ತಂಡ ಮರಳಿ ಬರಲಿ ಅಂತ ನಗರ ಮತ್ತು ಪ್ರಾಂತ್ಯ ಸೇರಿ ಸುಮಾರು 37 ಕೋಟಿ ಡಾಲರ್ ಖರ್ಚಿನಲ್ಲಿ 18 ಸಾವಿರ ಕುರ್ಚಿಯ ವಿಡಿಯೋಟ್ರಾನ್ ಸೆಂಟರ್ ಕಟ್ಟಿ 2015ರಲ್ಲಿ ತೆರೆದವು. 2016ರಲ್ಲಿ ಲೀಗ್ ಹೊಸ ತಂಡ ಕೊಟ್ಟದ್ದು ಲಾಸ್ ವೇಗಸ್‌ಗೆ. ಕ್ವಿಬೆಕ್ ಅರ್ಜಿ ಪಕ್ಕಕ್ಕೆ ಸರಿಯಿತು. ಅರೇನಾದಲ್ಲಿ ಈಗ ಜೂನಿಯರ್ ತಂಡ ಆಡುತ್ತದೆ. ಲಾಸ್ ಏಂಜಲೀಸ್ ತಂಡವನ್ನು ಎರಡು ಅಭ್ಯಾಸ ಪಂದ್ಯಕ್ಕೆ ಕರೆಸಲು 50ರಿಂದ 70 ಲಕ್ಷ ಡಾಲರ್ ಕೊಡುತ್ತೇವೆ ಅಂತ 2023ರಲ್ಲಿ ಪ್ರಾಂತ್ಯ ಸರ್ಕಾರ ಹೇಳಿದಾಗ ಜನ ಸಿಟ್ಟಾದರು.

ಟೊರೊಂಟೊ ಪಕ್ಕದ ಹ್ಯಾಮಿಲ್ಟನ್‌ಗೆ ಒಂದು ತಂಡ ಕೊಡಬಹುದಲ್ವಾ?

ಬ್ಲ್ಯಾಕ್‌ಬೆರಿ ಖ್ಯಾತಿಯ ಜಿಮ್ ಬಾಲ್ಸಿಲ್ಲಿ ಮೂರು ಸಲ ತಂಡ ಕೊಳ್ಳಲು ನೋಡಿದರು. 2009ರಲ್ಲಿ ಫೀನಿಕ್ಸ್ ತಂಡವನ್ನು ದಿವಾಳಿ ಕೋರ್ಟಿನ ಮೂಲಕ ಹ್ಯಾಮಿಲ್ಟನ್‌ಗೆ ತರಲು ಹೊರಟರು. ಲೀಗ್ ಬಿಡಲಿಲ್ಲ, ಕೋರ್ಟೂ ಒಪ್ಪಲಿಲ್ಲ. ಒಂದು ತಂಡದ ಊರಿನಿಂದ 80 ಕಿಲೋಮೀಟರ್ ಒಳಗಿನ ಮಾರುಕಟ್ಟೆ ಆ ತಂಡದ ಹಕ್ಕು. ಹ್ಯಾಮಿಲ್ಟನ್‌ಗೆ ಒಂದು ಕಡೆ ಟೊರೊಂಟೊ, ಇನ್ನೊಂದು ಕಡೆ ಅಮೆರಿಕದ ಬಫಲೋ ತಂಡ.

## ದುಡ್ಡಿನ ಒಳಲೆಕ್ಕ

ಕೆನಡಾ ಡಾಲರ್ ಬಿದ್ರೆ ಹಾಕಿ ತಂಡಕ್ಕೇನು?

ಟಿಕೆಟ್ ಮಾರುವುದು ಕೆನಡಾ ಡಾಲರ್‌ನಲ್ಲಿ, ಆಟಗಾರರ ಸಂಬಳ ಅಮೆರಿಕನ್ ಡಾಲರ್‌ನಲ್ಲಿ. ಕೆನಡಾ ಡಾಲರ್ 72 ಸೆಂಟ್ ಇದೆ ಅಂದುಕೊಳ್ಳಿ. 9.55 ಕೋಟಿಯ ಸಂಬಳದ ಬಿಲ್ಲು ಇಲ್ಲಿ ಸುಮಾರು 13.26 ಕೋಟಿ ಆಗುತ್ತದೆ. ಒಂದೇ ಒಂದು ಟಿಕೆಟ್ ಕಡಿಮೆ ಮಾರದಿದ್ದರೂ ನಷ್ಟ ಬರಬಹುದು. 2002ರ ಆರಂಭದಲ್ಲಿ ಅದು 62 ಸೆಂಟಿಗೆ ಇಳಿದಿತ್ತು. ಅದಕ್ಕೂ ಮುಂಚೆ, 2000ದ ಜನವರಿಯಲ್ಲಿ, ಕೇಂದ್ರ ಸರ್ಕಾರ ಹಾಕಿ ತಂಡಗಳಿಗೆ ನೆರವು ಘೋಷಿಸಿತು. ಆಸ್ಪತ್ರೆಗಿಲ್ಲದ ದುಡ್ಡು ಕೋಟ್ಯಧಿಪತಿಗಳಿಗಾ ಅಂತ ಜನ ಎದ್ದು ನಿಂತರು. ಮೂರೇ ದಿನದಲ್ಲಿ ವಾಪಸ್ ತಗೊಂಡರು. ಹಾಕಿಯನ್ನು ಇಷ್ಟು ಪ್ರೀತಿಸುವ ಜನವೇ ಬೇಡ ಅಂದರು. ಅದು ನನಗೆ ಈ ದೇಶದ ಬಗ್ಗೆ ಗೌರವ ತಂದ ವಿಷಯ.

ಸ್ಯಾಲರಿ ಕ್ಯಾಪ್ ಬಂದಿದ್ದರಿಂದ ಚಿಕ್ಕ ಊರಿಗೆ ಲಾಭ ಆಯ್ತಾ?

ಆಯಿತು. 2004–05ರ ಇಡೀ ಸೀಸನ್ ಮಾಲೀಕರು ಆಟಗಾರರಿಗೆ ಹಾಕಿದ ಬೀಗಮುದ್ರೆಯಲ್ಲಿ (ಲಾಕ್‌ಔಟ್) ಹಾಳಾಯಿತು. ಅದರಿಂದ ಬಂದದ್ದೇ ಈ ಮಿತಿ. ಟೊರೊಂಟೊ ಎಷ್ಟೇ ಗಳಿಸಲಿ, ವಿನ್ನಿಪೆಗ್‌ಗಿಂತ ಹತ್ತು ಪಟ್ಟು ಸಂಬಳ ಕೊಟ್ಟು ತಂಡ ಕಟ್ಟುವಂತಿಲ್ಲ. ಶ್ರೀಮಂತ ತಂಡಗಳ ಆದಾಯದಲ್ಲಿ ಒಂದು ಪಾಲು ಬಡ ತಂಡಗಳಿಗೆ ಹೋಗುತ್ತದೆ. ಇದಿಲ್ಲದೆ 2011ರಲ್ಲಿ ಜೆಟ್ಸ್ ಮರಳಿ ಬರುವುದು ಸಾಧ್ಯವೇ ಇರಲಿಲ್ಲ.

ಆದರೆ ಲೀಗಿನ ಆದಾಯ ಏರಿದ ಹಾಗೆ ಮಿತಿಯೂ ಏರುತ್ತದೆ, ಆದಾಯದ ಅರ್ಧ ಆಟಗಾರರ ಪಾಲು. 2024–25ರಲ್ಲಿ 8.8 ಕೋಟಿ ಇದ್ದದ್ದು 2026–27ಕ್ಕೆ 10.4 ಕೋಟಿ ಅಮೆರಿಕನ್ ಡಾಲರ್. ದೊಡ್ಡ ಊರುಗಳು ಎಳೆದ ಗಾಡಿಯ ಜೊತೆ ಚಿಕ್ಕ ಊರೂ ಓಡಬೇಕು. ಇನ್ನೊಂದು ತೊಡಕು ತೆರಿಗೆ. ಫ್ಲೋರಿಡಾ, ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಒಂಟಾರಿಯೊ, ಕ್ವಿಬೆಕ್‌ನಲ್ಲಿ ಮೇಲಿನ ಹಂತದಲ್ಲಿ ನೂರಕ್ಕೆ 53 ದಾಟುತ್ತದೆ. ಅದೇ ಸಂಬಳ, ಕೈಗೆ ಸಿಗುವುದು ಬೇರೆ.

ಅರೇನಾ ಕಟ್ಟೋಕೆ ನಮ್ಮ ತೆರಿಗೆ ದುಡ್ಡು ಯಾಕೆ ಕೊಡಬೇಕು?

ನಾನೂ ಇದನ್ನೇ ಕೇಳುತ್ತೇನೆ. ಎಡ್ಮಂಟನ್‌ನ ರೋಜರ್ಸ್ ಪ್ಲೇಸ್ 2016ರಲ್ಲಿ ತೆರೆಯಿತು. ಅರೇನಾಗೆ ಸುಮಾರು 48 ಕೋಟಿ ಡಾಲರ್ ಹಿಡಿಯಿತು, ಅದರಲ್ಲಿ ನಗರದ ಹಣವೂ ಟಿಕೆಟ್ ಮೇಲಿನ ಶುಲ್ಕವೂ ಸೇರಿತ್ತು. ಕ್ಯಾಲ್ಗರಿಯ ಸ್ಯಾಡಲ್‌ಡೋಮ್ 1983ರದು. ಅದರ ಜಾಗಕ್ಕೆ ಬರುವ ಸ್ಕೋಶಿಯಾ ಪ್ಲೇಸ್‌ಗೆ 2023ರ ಒಪ್ಪಂದದಲ್ಲಿ ನಗರವೇ 50 ಕೋಟಿ ಡಾಲರಿಗೂ ಹೆಚ್ಚು ಕೊಡಲು ಒಪ್ಪಿತು, ತಂಡ ತನ್ನ ಪಾಲನ್ನು 35 ವರ್ಷದಲ್ಲಿ ತೀರಿಸುತ್ತದೆ.

ನಗರಗಳು ಒಪ್ಪುವುದು ಭಯದಿಂದ. ಕ್ವಿಬೆಕ್, ವಿನ್ನಿಪೆಗ್ ಕತೆ ಎಲ್ಲರಿಗೂ ಗೊತ್ತು. ಹೊಸ ಕಟ್ಟಡ ಬಂದಾಗ ದುಬಾರಿ ಬಾಕ್ಸ್‌ಗಳು ಹೆಚ್ಚುತ್ತವೆ, ಅಗ್ಗದ ಸಾಲು ಕಡಿಮೆಯಾಗುತ್ತದೆ. ತೆರಿಗೆದಾರರ ಹಣ ಹಾಕುವಾಗ ಮೇಲಿನ ಅಂತಸ್ತಿನ ಇಷ್ಟು ಕುರ್ಚಿ ಇಷ್ಟೇ ಬೆಲೆಗೆ ಅಂತ ಕರಾರಿನಲ್ಲೇ ಬರೆಸಬೇಕು ಅನ್ನುವುದು ನನ್ನ ಹಠ.

ಪ್ಲೇಆಫ್‌ಗೆ ಹೋದ್ರೆ ತಂಡಕ್ಕೆ ಎಷ್ಟು ಲಾಭ?

ಆಟಗಾರರ ಸಂಬಳ ಮಾಮೂಲಿ ಸೀಸನ್‌ನಲ್ಲೇ ಪೂರ್ತಿ ಕೊಟ್ಟು ಮುಗಿದಿರುತ್ತದೆ. ಪ್ಲೇಆಫ್ ಬೋನಸ್ಸನ್ನು ಲೀಗ್ ಕೊಡುತ್ತದೆ. ಹಾಗಾಗಿ ಪ್ಲೇಆಫ್ ಟಿಕೆಟ್ ಹಣದಲ್ಲಿ ಲೀಗಿನ ಪಾಲು ಮತ್ತು ಅರೇನಾ ಖರ್ಚು ಕಳೆದರೆ ಉಳಿದದ್ದು ಲಾಭ. ಎಡ್ಮಂಟನ್ 2024, 2025 ಎರಡೂ ವರ್ಷ ಫೈನಲ್‌ವರೆಗೆ ಹೋಗಿ ಫ್ಲೋರಿಡಾಗೆ ಸೋತಿತು. ಕಪ್ ಬರಲಿಲ್ಲ, ಪೆಟ್ಟಿಗೆ ತುಂಬಿತು. ಕೆನಡಾದ ತಂಡ ಕೊನೆಯದಾಗಿ ಕಪ್ ಎತ್ತಿದ್ದು 1993ರಲ್ಲಿ, ಮಾಂಟ್ರಿಯಲ್.

ಹೆಂಗಸರ ಹಾಕಿಗೂ ಜನ ಬರ್ತಾರಾ?

ಬರುತ್ತಾರೆ, ತುಂಬಾ. ಮಹಿಳೆಯರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ 2024ರ ಜನವರಿ 1ರಂದು ಟೊರೊಂಟೊದಲ್ಲಿ ಶುರುವಾಯಿತು. ಅದೇ ಏಪ್ರಿಲ್ 20ರಂದು ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ 21,105 ಜನ, ಮಹಿಳಾ ಹಾಕಿಯ ದಾಖಲೆ. 2025ರಲ್ಲಿ ವ್ಯಾಂಕೂವರ್ ಕೂಡ ಸೇರಿತು. ಟಿಕೆಟ್ ಬೆಲೆ ಮನೆಮಂದಿಗೆಲ್ಲ ಎಟುಕುವಂತಿದೆ. ಗಂಡಸರ ಲೀಗ್ ಕೈಬಿಟ್ಟ ಮನೆಗಳನ್ನು ಇವರು ಹಿಡಿದಿದ್ದಾರೆ.

ಪಂಜಾಬಿಲಿ ಕಾಮೆಂಟರಿ ಇದೆಯಂತೆ, ನಿಜಾನಾ?

ನಿಜ. 2008ರಿಂದ ಇದೆ. ಹರ್ನಾರಾಯಣ್ ಸಿಂಗ್ ಅವರ ದನಿ ದೇಶಕ್ಕೆಲ್ಲ ಪರಿಚಯವಾದದ್ದು ಅಲ್ಲಿಂದ. ಮೊಮ್ಮಕ್ಕಳ ಜೊತೆ ಅಜ್ಜಿ ಕೂತು ಪಂದ್ಯ ನೋಡುವಂತಾಯಿತು. ಹತ್ತು ಜಾಹೀರಾತು ಮಾಡದ ಕೆಲಸವನ್ನು ಅದು ಮಾಡಿತು. ಆ ಮಕ್ಕಳು ಈಗ ದುಡಿಯುವ ವಯಸ್ಸಿಗೆ ಬಂದಿದ್ದಾರೆ, ಟಿಕೆಟ್ ಕೊಳ್ಳುತ್ತಿದ್ದಾರೆ.

ಮುಂದೆ ಏನು ಬದಲಾಗುತ್ತೆ?

2026–27ರಿಂದ ರೋಜರ್ಸ್‌ನ ಹೊಸ ಒಪ್ಪಂದ, 12 ವರ್ಷಕ್ಕೆ 1,100 ಕೋಟಿ ಕೆನಡಾ ಡಾಲರ್, ಹಿಂದಿನದರ ಎರಡು ಪಟ್ಟಿಗಿಂತ ಹೆಚ್ಚು. ಅದೇ ವರ್ಷದಿಂದ ಸೀಸನ್ 82ರ ಬದಲು 84 ಪಂದ್ಯ. ತವರಿನಲ್ಲಿ 41 ಇದ್ದದ್ದು 42 ಆಗುತ್ತದೆ. ಟೊರೊಂಟೊಗೆ ಅದು ಒಂದು ರಾತ್ರಿಯ ಹೆಚ್ಚುವರಿ ಗಳಿಕೆ. ವಿನ್ನಿಪೆಗ್‌ಗೆ ತುಂಬಬೇಕಾದ ಇನ್ನೊಂದು 15 ಸಾವಿರ ಕುರ್ಚಿ. ನಮ್ಮ ನಾಲ್ಕು ಮನೆಯವರು ಈಗಲೇ ಮಾತಾಡಿಕೊಂಡಿದ್ದೇವೆ: ಆ ನಲವತ್ತೆರಡನೇ ಪಂದ್ಯ ಚೀಟಿಗೆ ಹಾಕುವುದಿಲ್ಲ. ಆ ವರ್ಷ ಊರಿಗೆ ಹೊಸದಾಗಿ ಬಂದ ಯಾವುದಾದರೂ ಮನೆಯ ಇಬ್ಬರು ಮಕ್ಕಳಿಗೆ ಕೊಡುತ್ತೇವೆ.